ಗೊಂಚಲಿನ ಪಕ್ಕದ ಕೂಸು

ಹೋದ ತಿಂಗಳು ಅವಳು ಊರು ಬಿಟ್ಟಳು. ಬೆಳಗೋಡಿನ ಕಡೆ ಆನೆಗಳ ಕಾಟಕ್ಕೆ ಬೇಸತ್ತು ಗಂಡ, ಅತ್ತೆ, ಮಗಳ ಸಮೇತ ಚನ್ನರಾಯಪಟ್ಟಣದ ಬಯಲಿಗೆ ಹೋದಳು. ಪಾಳ್ಯದಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕದ ಬೇಕರಿಯವರು, "ಎಂಥಾ ಹೆಂಗಸು ಕಣ್ರೀ ಆಯಮ್ಮ, ನಿಮಗಂತೂ ಕೈ ಮುರ್ದಂಗಾಗಿರ್ಬೇಕು" ಅಂದರು. ನಾನು ಹೂಂ ಅಂದೆ. ಬೇಜಾರಾಗಿದ್ದು ನಿಜ. ಆದರೆ ಅವಳನ್ನು ನೆನೆದಾಗ ನನ್ನೊಳಗೆ ಮೊದಲು ಏಳುವುದು ಬೇಜಾರಲ್ಲ, ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟು ನಾಲ್ಕು ಒಳ್ಳೆಯ ಮಾತು ಬರೆದರೆ ಅದು ಅವಳ ಚಿತ್ರವಾಗುವುದಿಲ್ಲ, ತಿಥಿ ಕಾರ್ಡಾಗುತ್ತದೆ. ಅವಳಿನ್ನೂ ಬದುಕಿದ್ದಾಳೆ, ಗಟ್ಟಿಮುಟ್ಟಾಗಿಯೇ ಇದ್ದಾಳೆ.

ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಎದುರಿಗೆ ಅಕ್ಕ ಎನ್ನುತ್ತಿದ್ದೆ, ಮನಸ್ಸಿನೊಳಗೆ ಅವಳು. ಇಲ್ಲಿ ಮನಸ್ಸಿನೊಳಗಿದ್ದ ಹಾಗೇ ಬರೆಯುತ್ತೇನೆ.

ಅಗಲ ಮುಖ, ದಪ್ಪ ಜಡೆ, ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು. ಗಂಡ ಹೆಂಡತಿ ಸೇರಿ ಕಾಫಿ ಸಸಿ, ಮೆಣಸಿನ ಬಳ್ಳಿ ಬೆಳೆಸಿ ಎಸ್ಟೇಟಿನವರಿಗೆ ಮಾರುವ ನರ್ಸರಿ ಇಟ್ಟುಕೊಂಡಿದ್ದರು. ತಮಾಷೆ ಹೇಳುವ ಮೊದಲು ತಾನೇ ನಗುತ್ತಿದ್ದಳು. ನಗು ಮುಗಿಯುವ ಹೊತ್ತಿಗೆ ಏನು ಹೇಳಲು ಹೊರಟಿದ್ದೆ ಎಂಬುದು ಅವಳಿಗೇ ಮರೆತುಹೋಗಿರುತ್ತಿತ್ತು. ಆದರೂ ಕೇಳುತ್ತಿದ್ದವರೆಲ್ಲ ನಕ್ಕಿರುತ್ತಿದ್ದರು. ನಾನು ಸರಿಯಾಗಿ ಜೋಡಿಸಿ ಹೇಳಿದ ತಮಾಷೆಗೆ ಯಾರೂ ಅಷ್ಟು ನಕ್ಕಿದ್ದಿಲ್ಲ.

ಮೊದಲು ನೋಡಿದ್ದು ಹಾಸನದ ಬಸ್ಸಿನಲ್ಲಿ. ಇಬ್ಬರು ಕೂರುವ ಸೀಟಿನಲ್ಲಿ ಅವಳೂ ಅವಳ ಚೀಲವೂ ಕೂತಿದ್ದವು. ನಾನು ಪಾಳ್ಯದಲ್ಲಿ ಹತ್ತಿದಾಗ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಅದರೊಳಗಿಂದ ಕಡುಬು ತೆಗೆದು ನನ್ನ ಕೈಗಿಟ್ಟಳು. ಯಾರು, ಏನು ಎಂದು ಕೇಳುವ ಮೊದಲೇ. ನಾನು ಬೇಡ ಅಂದೆ. "ಬ್ಯಾಡ ಅನ್ನಕ್ಕೂ ಬಾಯಿ ತೆಗೀಬೇಕಲ್ಲ, ಹಂಗೇ ತಿಂದ್ಬುಡು" ಅಂದಳು.

ನಾನು ಆವತ್ತು ಮನೆಯಲ್ಲಿ ಲೈನಿಂಗ್ ಬಟ್ಟೆ ತರುತ್ತೇನೆಂದು ಹೇಳಿ ಹೊರಟಿದ್ದೆ. ಹೋಗುತ್ತಿದ್ದುದು ಮಕ್ಕಳಾಗದವರ ಆಸ್ಪತ್ರೆಗೆ. ಅದು ನನಗೂ ನನ್ನ ಯಜಮಾನರಿಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹಾಸನ ಹತ್ತಿರವಾಗುತ್ತಿದ್ದಂತೆ ಇವಳು ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ, "ಕಂಡಕ್ಟ್ರೇ, ಆ ಮಕ್ಕಳಾಗೋ ಆಸ್ಪತ್ರೆ ಐತಲ್ಲ, ಅದರ ಹತ್ರ ಇಳಿಸಪ್ಪ" ಅಂದಳು. ಕಂಡಕ್ಟರ್ ಟಿಕೆಟ್ ಮಷಿನ್ನನ್ನೇ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಇಳಿದು ಅವಳಿಗಿಂತ ಹತ್ತು ಮಾರು ಹಿಂದೆ ನಡೆದೆ. ಗೇಟಿನ ಬಳಿ ಅವಳು ನಿಂತು ಕಾಯುತ್ತಿದ್ದಳು. "ಸೆರಗು ಹಂಗೆ ಕುತ್ತಿಗೆ ಸುತ್ತ ಎಳ್ಕೊಂಡವ್ರೆಲ್ಲ ಇಲ್ಲಿಗೇ ಬರೋದು ಮಾರಾಯ್ತಿ. ಬಾ, ನಂಬರ್ ಬರ್ಸಣ" ಅಂದಳು.

ನನಗೆ ಮೊದಲು ಹೊಟ್ಟೆ ಉರಿದಿದ್ದು ಆಗ. ಅವಳಿಗೂ ನನ್ನದೇ ಕೊರತೆ, ನನ್ನಷ್ಟೇ ವರ್ಷಗಳ ಕಾಯುವಿಕೆ. ಆದರೆ ನಾಚಿಕೆ ಮಾತ್ರ ನನಗೊಬ್ಬಳಿಗೇ.

ಆ ಆಸ್ಪತ್ರೆಯ ಡಾಕ್ಟರಮ್ಮ ಬಹಳ ಗಡುಸು. ನಾವೆಲ್ಲ ಬಾಗಿಲ ಬಳಿಯೇ ಉಸಿರು ಬಿಗಿಹಿಡಿದು ಒಳಗೆ ಹೋಗುತ್ತಿದ್ದೆವು. ಇವಳು ಹೋದವಳೇ, "ಡಾಕ್ಟ್ರೇ, ಊಟ ಆಯ್ತಾ? ಮುಖ ಬಾಡ್ಹೋಗೈತೆ" ಎನ್ನುತ್ತಿದ್ದಳು. ನಮಗೆ ಎರಡು ಮಾತಿಗಿಂತ ಹೆಚ್ಚು ಆಡದ ಆಕೆ ಇವಳಿಗೆ ತನ್ನ ಬೆನ್ನುನೋವಿನ ಕತೆ ಹೇಳಿದರಂತೆ. ಮುಂದಿನ ಸಲ ನಾನೂ ಧೈರ್ಯ ಮಾಡಿ ಊಟ ಆಯ್ತಾ ಎಂದು ಕೇಳಿದೆ. "ಯಾಕೆ?" ಅಂದರು.

ಇಂಜೆಕ್ಷನ್ನುಗಳ ಕಾಲ ಮುಗಿದು, ಹೊರಗೆ ಬೆಳೆಸಿದ ಭ್ರೂಣಗಳನ್ನು ಒಳಗಿಡುವ ದಿನ ಬಂತು. ಇಬ್ಬರಿಗೂ ಒಂದೇ ದಿನ. ಇಬ್ಬರಿಗೂ ಎರಡೆರಡು. ಪಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿದ್ದೆವು. ನಾನು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದರೆ ಅವಳು ಫ್ಯಾನು ನೋಡುತ್ತ, "ಸಸಿ ನೆಟ್ಟ ಮ್ಯಾಲೆ ಅಲ್ಲಾಡಿಸ್ಬಾರ್ದು ಕಣೇ, ಸುಮ್ಕೆ ಮನಿಕ್ಕೊ" ಎಂದು ನನಗೆ ಬುದ್ಧಿ ಹೇಳಿದಳು.

ಗರ್ಭ ನಿಂತಿದೆಯೋ ಇಲ್ಲವೋ ಎಂದು ತಿಳಿಯಲು ರಕ್ತ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಒಂದು ನಂಬರು ಬರುತ್ತದೆ. ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ ನಾವು ಹೆಂಗಸರು ಆ ನಂಬರನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸಿನಂತೆ ಮಾಡಿಕೊಂಡಿದ್ದೆವು. ಹೆಚ್ಚು ಬಂದಷ್ಟೂ ಗರ್ಭ ಗಟ್ಟಿ ಎಂದು ನಮ್ಮ ಲೆಕ್ಕ. ಯಾರಿಗೆ ಎಲ್ಲರಿಗಿಂತ ಹೆಚ್ಚು ಬರುತ್ತದೋ ಅವರು ಫೇಲಾದವರಿಗೆ ಮಡಿಲು ತುಂಬಬೇಕು. ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ. ಬಸುರಿಯ ಕೈಯಿಂದ ಮಡಿಲು ತುಂಬಿಸಿಕೊಂಡರೆ ತಮಗೂ ಆಗುತ್ತದೆ ಎಂಬ ಊರಿನ ನಂಬಿಕೆಯನ್ನು ಆ ಬೆಂಚಿಗೂ ತಂದಿದ್ದೆವು. ಆಸ್ಪತ್ರೆಯವರು ಕಂಡೂ ಕಾಣದ ಹಾಗಿರುತ್ತಿದ್ದರು.

ನನಗೆ ನಿಂತಿರಲಿಲ್ಲ. ಅವಳಿಗೆ ಬಂದ ನಂಬರು ನೋಡಿ ನರ್ಸಮ್ಮ ಒಳಗೆ ಹೋಗಿ ಇನ್ನೊಮ್ಮೆ ಕೇಳಿಕೊಂಡು ಬಂದಳು. ಡಾಕ್ಟರಮ್ಮ, "ಅವಳಿ ಇರಬಹುದು, ಸ್ಕ್ಯಾನ್ ಮಾಡೋಣ" ಅಂದರಂತೆ. ಬೆಂಚೆಲ್ಲ ರ‍್ಯಾಂಕ್ ಬಂತು, ರ‍್ಯಾಂಕ್ ಬಂತು ಎಂದು ಅವಳ ಕೈ ಹಿಡಿದು ಕುಲುಕಿತು. ಅತಿಯಾಗಿ ಏರಿದ ನಂಬರಿಗೆ ಬೇರೆ ಅರ್ಥವೂ ಇರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವಳು ನನ್ನ ಮಡಿಲು ತುಂಬಿದಳು. ಕಣ್ಣಲ್ಲಿ ನೀರು ತಂದುಕೊಂಡೇ ತುಂಬಿದಳು. ಆ ನೀರು ಸುಳ್ಳಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ತೆಂಗಿನಕಾಯಿ ಮನೆಗೆ ತಂದು ಚಟ್ನಿ ಅರೆದೆ. ಚಟ್ನಿ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಸ್ಕ್ಯಾನಿನಲ್ಲಿ ಎರಡು ಚೀಲ ಕಂಡವು. ಒಂದರಲ್ಲಿ ಹೃದಯ ಬಡಿಯುತ್ತಿದೆ, ಇನ್ನೊಂದು ಇನ್ನೂ ಸರಿಯಾಗಿ ಕಾಣುತ್ತಿಲ್ಲ, ಕೆಲವು ವಾರ ಬಿಟ್ಟು ನೋಡೋಣ ಎಂದರಂತೆ. ಅವಳು ಅವಳಿ ಎಂದೇ ಊರಿಗೆಲ್ಲ ಹೇಳಿದಳು. ಮೇಲಿಂದ ಮೇಲೆ ನನ್ನ ಅಂಗಡಿಗೆ ಬರತೊಡಗಿದಳು, ಬ್ಲೌಸು ಬಿಚ್ಚಿ ಸಡಿಲ ಮಾಡಿಕೊಡು ಎಂದು. ಮೂರು ತಿಂಗಳೂ ತುಂಬಿರಲಿಲ್ಲ. ಹೊಟ್ಟೆ ಐದು ತಿಂಗಳ ಬಸುರಿಯಷ್ಟು. ಟೇಪು ಹಿಡಿದ ನನ್ನ ಕೈಗೆ ಅದರ ಬಿಸಿ ತಾಗುತ್ತಿತ್ತು. ವಾಂತಿಯೂ ವಿಪರೀತ. ನನ್ನ ಅಂಗಡಿಯ ಮುಂದಿನ ಚರಂಡಿಗೆ ಬಗ್ಗಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಒಳಗೆ ಬಂದು, "ತಿನ್ನಕ್ಕೇನೈತೆ?" ಎಂದು ಕೇಳುತ್ತಿದ್ದಳು. ಬಟ್ಟೆ ಕೊಡಲು ಬಂದ ಹೆಂಗಸರು, "ಎರಡು ಕೂಸಲ್ವಾ, ಹಂಗೇ ಆಗೋದು, ವಾಂತಿ ಜಾಸ್ತಿಯಾದಷ್ಟೂ ಒಳ್ಳೇದು" ಎನ್ನುತ್ತಿದ್ದರು. ಒಂದು ದಿನ ನಾನು ಮನೆಗೆ ಹೋಗಿ ಬಚ್ಚಲಲ್ಲಿ ನಿಂತು ಓಕರಿಸಿ ನೋಡಿದೆ. ಏನೂ ಬರಲಿಲ್ಲ.

ಅಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೆನಲ್ಲ, ಆ ನಂಬರು, ಆ ವಾಂತಿ, ಟೇಪಿಗೆ ಸಿಗದಂತೆ ಬೆಳೆದ ಆ ಹೊಟ್ಟೆ, ಎಲ್ಲವೂ ಕಾಯಿಲೆಯ ಗುರುತುಗಳಾಗಿದ್ದವು.

ಅದು ಗೊತ್ತಾಗಿದ್ದು ಮುಂದಿನ ಸ್ಕ್ಯಾನಿನಲ್ಲಿ. ಆಮೇಲೆ ಒಂದು ವಾರ ಅವಳು ಅಂಗಡಿ ಕಡೆ ಬರಲಿಲ್ಲ. ಬಂದಾಗ ಬ್ಲೌಸಿನ ಚೀಲವಿರಲಿಲ್ಲ, ಸ್ಕ್ಯಾನಿನ ಕವರಿತ್ತು. ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಗಲಿಲ್ಲ. ತಿನ್ನಲು ಏನೂ ಕೇಳಲಿಲ್ಲ.

"ಅವಳಿ ಅಲ್ವಂತೆ ಕಣೇ" ಅಂದಳು. "ಒಂದ್ ಚೀಲದಾಗೆ ಕೂಸು ಸರ್ಯಾಗೈತೆ. ಇನ್ನೊಂದ್ರಲ್ಲಿ ಕೂಸೇ ಇಲ್ಲ. ಬರೀ ಮಾಸು ಬೆಳ್ಕೊಂಡೈತೆ. ಅದೂ ನೆಟ್ಟಗಿಲ್ಲ, ನೀರುಗುಳ್ಳೆ ನೀರುಗುಳ್ಳೆಯಾಗಿ, ದ್ರಾಕ್ಷಿ ಗೊಂಚಲು ಇದ್ದಂಗೆ. ಅದಕ್ಕೆ ಮೋಲ್ ಅಂತಾರಂತೆ."

ಮಾಸು ಎಂದರೆ ಮಗುವಿಗೆ ತಾಯಿಯ ರಕ್ತದಿಂದ ಆಹಾರ ತರುವುದು, ಹೆರಿಗೆಯ ಹಿಂದೆಯೇ ಬೀಳುವುದು. ಮಗುವೇ ಇಲ್ಲದೆ ಅದೊಂದೇ ಬೆಳೆಯುತ್ತದೆ ಎಂದು ನಾನು ಕೇಳಿರಲೇ ಇಲ್ಲ.

"ಡಾಕ್ಟ್ರು ಏನಂತಾರೆ?"

"ಇಟ್ಕೊಂಡ್ರೆ ನನ್ ಜೀವಕ್ಕೆ ಭಯ ಅಂತಾರೆ. ರಕ್ತ ಹೋಗ್ಬೋದು, ಬಿಪಿ ಏರ್ಬೋದು. ಆ ಗುಳ್ಳೆ ಆಮೇಲೂ ಮೈಯಾಗೆ ಉಳ್ಕೊಂಡು ಕ್ಯಾನ್ಸರ್ ಥರ ಹರಡ್ಬೋದಂತೆ. ತೆಗ್ಸಿದ್ರೆ ಎರಡೂ ಹೋಗ್ತವೆ. ಅದನ್ನ ತೆಗ್ದು ಇದನ್ನ ಬುಡಕ್ಕೆ ಆಗಲ್ವಂತೆ. ಸೋಮವಾರ ಹೇಳಿ ಅಂದವ್ರೆ."

ಕವರಿನಿಂದ ಚಿತ್ರ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಕಪ್ಪು ಬಿಳುಪಿನ ಮಸುಕು. ಒಂದು ಬದಿಯಲ್ಲಿ ಗುಂಡು ತಲೆ, ಮೂಗಿನ ಗುರುತು, ಯಾರನ್ನೋ ಕರೆಯುವ ಹಾಗೆ ಎತ್ತಿದ ಒಂದು ಕೈ.

"ಕೈ ಆಡಿಸ್ತಾ?" ಎಂದು ಕೇಳಿದೆ.

"ಹೂಂ. ಟೀವೀಲಿ ತೋರ್ಸಿದ್ರು. ಕಾಲೂ ಒದೀತು."

"ನೀವೇ ನೋಡಿದ್ರಾ?"

"ನಾನೇ ನೋಡ್ದೆ."

ಆ ಚಿತ್ರವನ್ನು ಅವಳ ಕೈಗೆ ವಾಪಸು ಕೊಡಲು ಮನಸ್ಸು ಬರಲಿಲ್ಲ. "ಪುಣ್ಯ ಮಾಡಿದ್ದೀರಿ ಕಣಕ್ಕ" ಅಂದೆ. ಅಂಥ ಹೊತ್ತಿನಲ್ಲಿ ಆಡುವ ಮಾತಲ್ಲ. ಅದರಲ್ಲಿ ಸಮಾಧಾನ ಹೇಳುವ ದನಿಯೂ ಇರಲಿಲ್ಲ, ಹುಳಿ ಹುಳಿಯಾಗಿತ್ತು. ಆದರೆ ನನ್ನ ಬಾಯಿಗೆ ಬಂದಿದ್ದು ಅದೊಂದೇ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚಿತ್ರವನ್ನು ಕವರಿಗೆ ಹಾಕಿಕೊಂಡು ಎದ್ದಳು. ಕಾಫಿ ತರಿಸಿದ್ದೆ, ಕುಡಿಯಲಿಲ್ಲ.

ಸೋಮವಾರ ಅವಳು ಇಟ್ಟುಕೊಳ್ಳುತ್ತೇನೆ ಎಂದು ಹೇಳಿದಳು. ಅವಳ ಗಂಡನಿಗೆ ಇಷ್ಟವಿರಲಿಲ್ಲ, ಅತ್ತೆಗಂತೂ ಸುತರಾಂ ಇರಲಿಲ್ಲ. ಡಾಕ್ಟರಮ್ಮ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಗರ್ಭದ ನೀರು ತೆಗೆದು ಪರೀಕ್ಷೆ ಮಾಡಿ, ಕೂಸಿನಲ್ಲಿ ದೋಷವಿಲ್ಲ, ಅದರ ಮಾಸೂ ಸರಿಯಾಗಿದೆ, ಆದರೆ ಪಕ್ಕದ ಗೊಂಚಲು ಯಾವಾಗ ಏನು ಮಾಡುತ್ತದೋ ಹೇಳಲಾಗುವುದಿಲ್ಲ, ಆಗಾಗ ಬಂದು ತೋರಿಸುತ್ತಲೇ ಇರಬೇಕು ಎಂದರು.

ಅತ್ತೆ ಹುಟ್ಟಿದಾಗಿನಿಂದ ಕಾಫಿ ಹಣ್ಣು ಕುಯ್ದವರು. ಅವರಿಗೆ ಅರ್ಥ ಮಾಡಿಸಲು ಇವಳು ಕಾಫಿಯನ್ನೇ ಹಿಡಿದಳು. ಕಾಫಿ ಹಣ್ಣಿನೊಳಗೆ ಎರಡು ಬೀಜ ಇರಬೇಕು. ಕೆಲವು ಹಣ್ಣಿನಲ್ಲಿ ಒಂದು ಕೆಟ್ಟು ಇನ್ನೊಂದೇ ದುಂಡಗೆ ಬೆಳೆಯುತ್ತದೆ. ಅದನ್ನು ನಮ್ಮಲ್ಲಿ ಪೀಬಿ ಎನ್ನುತ್ತಾರೆ, ಬೇರೆಯಾಗಿ ಆರಿಸಿಡುತ್ತಾರೆ. "ಒಂದು ಜೊಳ್ಳಾಗೈತೆ ಅತ್ತೆ, ಇನ್ನೊಂದು ಪೀಬಿ. ಪೀಬಿನ ಯಾರಾದ್ರೂ ಎಸೀತಾರಾ?" ಅಂದಳು. ಅತ್ತೆ, "ಕಾಫೀಲಿ ಜೊಳ್ಳು ಸುಮ್ಕಿರ್ತದೆ ಕಣವ್ವ, ಇದು ಸುಮ್ಕಿರ್ತದಾ?" ಎಂದು ಅತ್ತರಂತೆ. ಆದರೂ ಮಾರನೆಯ ದಿನದಿಂದ ಸೊಸೆಯನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ.

ಭಾನುವಾರ ಅಂಗಡಿಗೆ ರಜೆ. ನಾನು ಬೆಳಗೋಡಿನ ಬಸ್ಸು ಹತ್ತಿ ಅವಳನ್ನು ನೋಡಲು ಹೋಗುತ್ತಿದ್ದೆ. ಜಗುಲಿಯ ಮೇಲೆ ಮಂಚ ಹಾಕಿಸಿಕೊಂಡು, ಅಲ್ಲಿಂದಲೇ ನರ್ಸರಿ ನಡೆಸುತ್ತಿದ್ದಳು. "ಆ ಸಾಲಿಗೆ ನೀರು ಸಾಲ್ದು ಕಣ್ರೀ", "ಅದನ್ನ ನೆಳ್ಳಿಗಿಡಿ" ಎಂದು ಗಂಡನಿಗೆ ಕೂಗುತ್ತಿದ್ದಳು. ಅವನು ಒಂದು ಮಾತಿಗೂ ಎದುರಾಡುತ್ತಿರಲಿಲ್ಲ. ಮಧ್ಯೆ ಬಂದು ಅವಳ ಜಡೆ ಬಿಚ್ಚಿ ಬಾಚುತ್ತಿದ್ದ, ಮಣ್ಣುಗೈ ತೊಳೆದುಕೊಂಡು ಬಂದು. ಅತ್ತೆ ರಾಗಿ ಅಂಬಲಿಯ ಲೋಟ ಹಿಡಿದು ನಿಂತಿರುತ್ತಿದ್ದರು. ಪರಿಸ್ಥಿತಿ ಗೊತ್ತಿದ್ದೂ ನನಗೆ ಉರಿಯಿತು. ನನ್ನ ಜಡೆಯನ್ನು ಯಾರೂ ಬಾಚಿಲ್ಲ. ಅಂಬಲಿಯಂತೂ ನಾನೇ ಮಾಡಿ ನಾನೇ ಕುಡಿಯಬೇಕು.

ಅಂಥದೇ ಒಂದು ಭಾನುವಾರ ಮಧ್ಯಾಹ್ನ ಊಟವಾಗಿ ಮಾತಾಡುತ್ತಿದ್ದಾಗ ಅವಳು ಸುಮ್ಮನಾದಳು. ಹೊದಿಕೆ ಸರಿಸಿ ನೋಡಿದರೆ ಹಾಸಿಗೆ ಕೆಂಪಾಗಿತ್ತು. ಅವರ ಪಿಕಪ್ ಗಾಡಿಯಲ್ಲಿ ಯಾರಿಗೋ ಕೊಡಲು ಹೇರಿದ್ದ ಸಸಿಗಳಿದ್ದವು. ಇಳಿಸುತ್ತ ಕೂರಲು ಹೊತ್ತಿರಲಿಲ್ಲ. ಸಸಿಗಳ ನಡುವೆಯೇ ಹಾಸಿಗೆ ಹಾಕಿ ಮಲಗಿಸಿ, ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬೆಳಗೋಡಿನಿಂದ ಹಾಸನದವರೆಗೆ ಆ ರಸ್ತೆಯ ಒಂದೊಂದು ಹಳ್ಳವೂ ನನ್ನ ಸೊಂಟಕ್ಕೆ ಗೊತ್ತಾಯಿತು. ಅವಳು ಕಣ್ಣು ಮುಚ್ಚಿಕೊಂಡೇ, "ಸಸಿ ಮ್ಯಾಲೆ ಕಾಲಿಡ್ಬ್ಯಾಡ ಮಾರಾಯ್ತಿ" ಅಂದಳು. ನನಗೆ ಅವಳು ಸಾಯಬಾರದು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಆ ಕೂಸು ಸಾಯಬಾರದು ಅನ್ನಿಸಿತು. ಹೊಟ್ಟೆಕಿಚ್ಚು ಪಡುವುದಕ್ಕಾದರೂ ಅದು ಬದುಕಿರಬೇಕಲ್ಲ.

ಆ ಸಲ ರಕ್ತ ನಿಂತಿತು. ಕೆಲವು ವಾರದ ಮೇಲೆ ಬಿಪಿ ಏರಿತು, ಅದು ಇಳಿಯಲಿಲ್ಲ. ತಿಂಗಳು ತುಂಬುವ ಮೊದಲೇ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಅಂಗೈಗೆ ಸ್ವಲ್ಪ ದೊಡ್ಡದು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನಾನು ಹೊಲಿದು ತಂದಿದ್ದ ಜುಬ್ಬ ಆ ಮಗುವಿಗೆ ನಿಲುವಂಗಿಯಾಗುವಷ್ಟಿತ್ತು.

ಆವತ್ತು ಆಸ್ಪತ್ರೆಯಲ್ಲಿ ದೊಡ್ಡ ಜಗಳ. ಅತ್ತೆ ಊರಿನಿಂದ ಹೊಸ ಮಣ್ಣಿನ ಕುಡಿಕೆ, ಅರಿಸಿನ, ಉಪ್ಪು ತಂದಿದ್ದರು. ಅವರ ಮನೆತನದಲ್ಲಿ ಮಗುವಿನ ಮಾಸನ್ನು ಕುಡಿಕೆಯಲ್ಲಿ ಹಾಕಿ ಬಚ್ಚಲ ಹಿಂದೆ ಹೂಳುತ್ತಾರೆ. ಹೂಳದಿದ್ದರೆ ಮಗು ಆ ಮನೆಗೆ ನಿಲ್ಲುವುದಿಲ್ಲ ಎಂಬ ಭಯ. ಆಸ್ಪತ್ರೆಯವರು, ಗೊಂಚಲನ್ನೂ ಮಾಸನ್ನೂ ಎರಡನ್ನೂ ಲ್ಯಾಬಿಗೆ ಕಳಿಸಬೇಕು, ಪರೀಕ್ಷೆಯಾಗದಿದ್ದರೆ ತಾಯಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ ಎಂದರು. ಅತ್ತೆ ಕುಡಿಕೆ ಹಿಡಿದು ಬಾಗಿಲಿಗೆ ಅಡ್ಡ ಕೂತರು. "ಆ ಗುಳ್ಳೆ ನೀವೇ ಇಟ್ಕಳಿ. ನಮ್ಮ ಕೂಸಿನ ಮಾಸು ಕೊಡಿ. ಮಣ್ಣಿಗೆ ಹಾಕ್ದೆ ನಾನು ಏಳಲ್ಲ."

ಆಪರೇಷನ್ ಮುಗಿಸಿ ಇವಳನ್ನು ಹೊರಗೆ ತಂದರು. ಅರೆ ಎಚ್ಚರ. ಅತ್ತೆಯನ್ನು ಕಂಡು, ನಾಲಿಗೆ ತೊದಲುತ್ತ, "ಅತ್ತೆ, ಅದು ಪರೀಕ್ಷೆ ಬರಿಯಕ್ಕೆ ಹೋಗೈತೆ. ಪಾಸಾದ್ರೆ ನಾನು ಉಳೀತೀನಿ. ಏಳಿ, ಅಡ್ಡ ಕೂತ್ಕಬ್ಯಾಡಿ" ಅಂದಳು. ಅತ್ತೆ ಎದ್ದರು. ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಊರಿಗೆ ವಾಪಸು ತೆಗೆದುಕೊಂಡು ಹೋದರು. ಆಮೇಲೆ ಮಗುವಿನ ಹೊಕ್ಕುಳ ಬಳ್ಳಿ ಒಣಗಿ ಬಿದ್ದಾಗ ಅದನ್ನೇ ಕುಡಿಕೆಯಲ್ಲಿಟ್ಟು ಹೂಳಿ ಸಮಾಧಾನ ಮಾಡಿಕೊಂಡರು.

ಲ್ಯಾಬಿನವರು ಗೊಂಚಲು ಮೋಲೇ ಎಂದು ಖಾತ್ರಿ ಮಾಡಿದರು. ಇನ್ನು ಅದರ ಚೂರೂ ಒಳಗೆ ಉಳಿದಿಲ್ಲ ಎಂದು ತಿಳಿಯಲು ವಾರವಾರ ರಕ್ತ ಪರೀಕ್ಷೆ. ಬೆಂಚಿನ ಮೇಲೆ ಕೂತು ನಾವೆಲ್ಲ ಏರಲಿ, ಏರಲಿ ಎಂದು ಹರಕೆ ಹೊತ್ತಿದ್ದೆವಲ್ಲ, ಅದೇ ನಂಬರು ಈಗ ಇಳಿದು ಇಲ್ಲವಾಗಬೇಕು. ಇಳಿಯಿತು. ಅರ್ಧಕ್ಕೆ ನಿಂತಿತು. ಮತ್ತೆ ಮೇಲೇರತೊಡಗಿತು. ಗೊಂಚಲಿನ ಚೂರು ಒಳಗೆ ಉಳಿದಿದೆ, ಮಂಗಳೂರಿಗೆ ಹೋಗಿ ಕ್ಯಾನ್ಸರಿಗೆ ಕೊಡುವಂಥ ಇಂಜೆಕ್ಷನ್ ತೆಗೆದುಕೊಳ್ಳಬೇಕೆಂದರು. ಮಗುವಿಗೆ ಎದೆಹಾಲು ಕೊಡುವಂತಿಲ್ಲ ಎಂದರು.

ಆ ಮಾತು ಕೇಳಿದ ದಿನ ಮಾತ್ರ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ನಾನು ಕಂಡೆ. ಅಷ್ಟು ದಿನ ತನ್ನ ಜೀವಕ್ಕೆ ಏನಾಗುತ್ತದೋ ಎಂದು ಒಮ್ಮೆ ಕೂಡ ಅತ್ತಿರಲಿಲ್ಲ.

ಮಳೆ ಹಿಡಿದಿತ್ತು, ಸಸಿ ಮಾರಾಟವಾಗುವ ಕಾಲ. ಗಂಡ ನರ್ಸರಿ ಬಿಡುವಂತಿರಲಿಲ್ಲ. ಅತ್ತೆಗೆ ಘಾಟಿಯಲ್ಲಿ ಇಳಿಯುವ ಬಸ್ಸಿನಲ್ಲಿ ಕೂರಲು ಮಂಡಿ ಬಿಡುತ್ತಿರಲಿಲ್ಲ. ಹಾಗಾಗಿ ಮಂಗಳೂರಿಗೆ ಅವಳ ಜೊತೆ ಹೋಗುತ್ತಿದ್ದವಳು ನಾನು. ಮಗುವನ್ನು ಬಿಟ್ಟು ಅವಳು ಹೊರಡುತ್ತಿರಲಿಲ್ಲ, ಹಾಗಾಗಿ ಮಗುವೂ. ಶಿರಾಡಿ ಘಾಟಿಯ ತಿರುವುಗಳಲ್ಲೆಲ್ಲ ಆ ಮಗು ನನ್ನ ತೊಡೆಯ ಮೇಲೆ. ಅವಳು ಒಳಗೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದರೆ ನಾನು ಹೊರಗೆ ಬಾಟಲಿ ಹಿಡಿದು ಕೂತಿರುತ್ತಿದ್ದೆ. ಒಂದು ಸಲ ಬಾಟಲಿ ಬಾಯಿಗಿಡುವ ಮೊದಲೇ ಮಗು ತಲೆ ತಿರುಗಿಸಿ ನನ್ನ ಎದೆಗೆ ಬಾಯಿ ಹಾಕಿತು. ಬಟ್ಟೆಯ ಮೇಲಿಂದಲೇ ಚೀಪಿತು. ಒಂದು ಗಳಿಗೆ ಹಾಗೇ ಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನೋಡಿ, "ನಿಮ್ಮ ಮಗುವಾ? ಎಷ್ಟು ತಿಂಗಳು?" ಎಂದು ಕೇಳಿದಳು. ಹೌದು ಎಂದುಬಿಡೋಣ ಅನ್ನಿಸಿತು. ಮಂಗಳೂರಿನಲ್ಲಿ ನನ್ನನ್ನು ಯಾರು ಬಲ್ಲರು? "ತಾಯಿ ಒಳಗಿದ್ದಾರೆ" ಅಂದೆ. ಅಷ್ಟರಲ್ಲಿ ಬಾಗಿಲಲ್ಲಿ ಅವಳು ಕಾಣಿಸಿದಳು, ಇಷ್ಟು ಬೇಗ ಯಾಕೆ ಹೊರಗೆ ಬಂದಳು ಎಂದು ಸಿಟ್ಟಾದೆ.

ಇಂಜೆಕ್ಷನ್ನಿನಿಂದ ಅವಳ ಬಾಯಿ ತುಂಬ ಹುಣ್ಣಾಯಿತು. ಬಸ್ಸಿನಲ್ಲಿ ಕಡುಬು ಹಂಚುತ್ತಿದ್ದವಳಿಗೆ ಮಜ್ಜಿಗೆಯೂ ಇಳಿಯುತ್ತಿರಲಿಲ್ಲ. ದಾರಿಯ ಹೋಟೆಲಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೀ ತಿನ್ನು, ನಾ ನೋಡ್ತೀನಿ. ಆ ಪಲ್ಯ ಹೆಂಗೈತೆ? ಉಪ್ಪು ಸರ್ಯಾಗೈತಾ?" ಎಂದು ಕೇಳಿ ಕೇಳಿ ತಿನ್ನಿಸುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಊದಿಕೊಂಡೆ, ಅವಳು ಒಣಗಿದಳು. ಆದರೆ ನಂಬರು ಇಳಿಯಿತು. ಇಳಿದು ಇಲ್ಲವಾಯಿತು. ಆಮೇಲೂ ತಿಂಗಳು ತಿಂಗಳು ನೋಡಿ, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದರು.

ನಾನು ಇನ್ನೊಂದು ಸಲ ಪ್ರಯತ್ನ ಮಾಡಿದೆ. ನಿಲ್ಲಲಿಲ್ಲ. ನನ್ನ ಯಜಮಾನರು, "ಸಾಕು ಬಿಡು, ನಿನ್ನ ಮೈ ಹಣ್ಣಾಯ್ತು" ಅಂದರು. ಬಿಟ್ಟೆವು. ಅದರ ಬಗ್ಗೆ ಇಷ್ಟೇ.

ಅವಳ ಮಗಳನ್ನು ಮನೆಯಲ್ಲಿ ಈಗಲೂ ಪೀಬಿ ಎನ್ನುತ್ತಾರೆ. ಶಾಲೆಗೆ ಸೇರಿಸಿದಾಗ ಯೂನಿಫಾರ್ಮ್ ಹೊಲಿದಿದ್ದು ನಾನೇ. ಸಂಜೆ ಶಾಲೆಯ ವ್ಯಾನು ಮಗುವನ್ನು ನನ್ನ ಅಂಗಡಿಯ ಮುಂದೆ ಇಳಿಸುತ್ತಿತ್ತು. ತಾಯಿ ಬಂದು ಕರೆದುಕೊಂಡು ಹೋಗುವವರೆಗೂ ಅದು ಕತ್ತರಿಸಿದ ಚೂರುಬಟ್ಟೆಗಳ ನಡುವೆ ಕೂತು ಗೊಂಬೆಗೆ ಸೀರೆ ಉಡಿಸುತ್ತಿತ್ತು. ಆ ಹೊತ್ತಿಗೆ ಯಾರಾದರೂ ಬ್ಲೌಸಿನ ಅಳತೆ ಕೊಡಲು ಬಂದರೆ ನನಗೆ ಮೈ ಉರಿಯುತ್ತಿತ್ತು.

ಈ ವರ್ಷ ಆನೆಗಳು ನರ್ಸರಿಗೆ ನುಗ್ಗಿದವು. ಮೊದಲ ಸಲ ಬೇಲಿ ಮುರಿದವು, ಎರಡನೇ ಸಲ ಸಸಿಗಳನ್ನೆಲ್ಲ ತುಳಿದು ಹಾಕಿದವು. ಮಗು ಅಂಗಳದಲ್ಲಿ ಆಡುವ ಜಾಗದಲ್ಲೇ ಅವುಗಳ ಹೆಜ್ಜೆ ಬಿದ್ದಿದ್ದನ್ನು ಕಂಡ ಮೇಲೆ ಅವಳು ಆ ಮನೆಯಲ್ಲಿ ಇರುವುದಿಲ್ಲ ಅಂದಳು. ಗಂಡ ಒಪ್ಪಿದ. ಅತ್ತೆ ಒಪ್ಪಿದರು, ತಾವೇ ಹೊಕ್ಕುಳ ಬಳ್ಳಿ ಹೂಳಿದ್ದ ಮನೆಯನ್ನೇ ಬಿಟ್ಟು ಹೋಗಲು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವುದಕ್ಕೆ ನಾನು ಯಾರು?

ಹೊರಡುವ ವಾರದಲ್ಲಿ ಅವಳು ಕೊನೆಯ ಬ್ಲೌಸಿಗೆ ಅಳತೆ ಕೊಡಲು ಬಂದಳು. ಮಗುವೂ ಜೊತೆಗಿತ್ತು. ನಾನು ಮುಖ ಗಂಟು ಹಾಕಿಕೊಂಡೇ ಟೇಪು ಹಿಡಿದೆ.

"ಯಾಕೆ, ಊರು ಬುಟ್ಟು ಹೋಗ್ತೀವಿ ಅಂತ ಸಿಟ್ಟಾ?" ಅಂದಳು.

"ನಂಗ್ಯಾಕೆ ಸಿಟ್ಟು. ಒಳ್ಳೇದಾಯ್ತು. ದಿನಾ ನಿಮ್ಮನ್ನ ನೋಡಿ ಹೊಟ್ಟೆ ಉರ್ಕೊಳೋದು ತಪ್ತದೆ."

ಎಷ್ಟೋ ವರ್ಷದಿಂದ ಒಳಗಿದ್ದ ಮಾತು. ತಮಾಷೆಯ ಹಾಗೆ ಬಂದುಬಿಟ್ಟಿತು. ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಗೊತ್ತು ಕಣೇ" ಅಂದಳು. "ನಿನ್ ಹೊಟ್ಟೆ ಉರಿ ನಂಗೆ ಗೊತ್ತಿಲ್ವಾ. ಆವಾಗ ಆ ಸ್ಕ್ಯಾನ್ ಪಟ ಇಟ್ಕೊಂಡು ಒಂದ್ ವಾರ ಎಲ್ರ ಹತ್ರಕ್ಕೂ ಹೋದೆ. ನಮ್ಮವ್ವ ಕೆನ್ನೆ ಸವ್ರಿ ಅತ್ಲು. ನಮ್ಮತ್ತೆ ಮುಖಕ್ಕೆ ಸೆರಗು ಹಾಕ್ಕೊಂಡ್ರು. ನಮ್ಮನೆಯವ್ರು ಗ್ವಾಡೆ ಕಡಿಕೆ ತಿರಿಕ್ಕೊಂಡ್ರು. ಡಾಕ್ಟ್ರೂ ಅಯ್ಯೋ ಪಾಪ ಅಂದ್ರು. ಎಲ್ರೂ ಆ ಗೊಂಚಲು ನೋಡಿದ್ರು ಕಣೇ. ನಾನೂ ಅದನ್ನೇ ನೋಡ್ತಿದ್ದೆ. ತೆಗ್ಸಿಬುಡಣ ಅಂತಲೇ ಮನಸು ಮಾಡಿದ್ದೆ. ಕಡೀಗೆ ನಿನ್ ಹತ್ರ ಬಂದೆ. ನೀನು ಕೂಸ್ ನೋಡ್ದೆ. ನೋಡಿ ಉರ್ಕೊಂಡೆ. ನಿನ್ ಮುಖದಾಗೆ ಅದು ಎದ್ದು ಕಾಣ್ತಿತ್ತು. ಅವಾಗ ನಂಗೆ ಧೈರ್ಯ ಬಂತು. ನನ್ ಹೊಟ್ಟೇಲಿರೋದು ಕೂಸೇ, ಬರೀ ರೋಗ ಅಲ್ಲ ಅಂತ. ರೋಗಕ್ಕೆ ಯಾರಾದ್ರೂ ಹೊಟ್ಟೆ ಉರ್ಕೊತಾರಾ?"

ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಟೇಪು ಕೈಯಿಂದ ಜಾರಿತು, ಬಗ್ಗಿ ಎತ್ತಿಕೊಳ್ಳುವ ನೆವದಲ್ಲಿ ಕಣ್ಣು ಒರೆಸಿಕೊಂಡೆ.

ಅವಳು ಚೀಲ ತೆಗೆದುಕೊಂಡು ಬಾಗಿಲಿಗೆ ಹೋಗಿ, "ಬಾ ಮಗಾ, ಬಸ್ ಬತ್ತದೆ" ಎಂದು ಕರೆದಳು. ಮಗು ಎದ್ದು ಬಂದು ನನ್ನ ಕಾಲನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದುಕೊಂಡಿತು. "ನಾ ಬರಲ್ಲ. ನಾ ಇಲ್ಲೇ ಇರ್ತೀನಿ" ಅಂದಿತು. ಅವಳು ಇನ್ನೊಮ್ಮೆ ಕರೆದಳು. ಮಗು ಇನ್ನೂ ಬಿಗಿಯಾಗಿ ಹಿಡಿದು ಮುಖವನ್ನು ನನ್ನ ಸೀರೆಯೊಳಗೆ ಮುಚ್ಚಿಕೊಂಡಿತು.

ಬಾಗಿಲಲ್ಲಿ ಅವಳ ಮುಖ ಸಣ್ಣದಾಯಿತು. ತುಟಿಯಲ್ಲಿ ನಗು ಇತ್ತು, ಕಣ್ಣಿನಲ್ಲಿರಲಿಲ್ಲ. ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗುವಿನ ಕೈ ಬಿಡಿಸಲು ನಾನೇನೂ ಅವಸರ ಮಾಡಲಿಲ್ಲ.